ಸುರುಳಿ ಬಾಹುಗಳ ದಿಕ್ಕು: ಒಂದು ಖಗೋಳ ವಿವಾದದ ಇತಿಹಾಸ ಮತ್ತು ಕರ್ನಾಟಕದ ಸಂಶೋಧನೆ

ಕರ್ನಾಟಕದ ದಕ್ಷಿಣ ಅಂಚಿನಲ್ಲಿರುವ ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳು ಇತಿಹಾಸದ ಅಭ್ಯಾಸಿಗಳಿಗೆ ಮುಖ್ಯವಾಗಿ ಶಾಸನಗಳ ಮೂಲಕ ಪರಿಚಿತವಾದ ಸ್ಥಳಗಳು. ಬಿ.ಎಲ್. ರೈಸ್ ಅವರು 1898ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೆಯ ಸಂಪುಟದಲ್ಲಿ ಈ ಎರಡೂ ತಾಲ್ಲೂಕುಗಳ ಶಾಸನಗಳು ಸೇರಿವೆ. ಶಕವರ್ಷ, ಸಂವತ್ಸರ, ತಿಥಿ, ವಾರಗಳು ಪರಸ್ಪರ ಹೊಂದಿಕೊಂಡಾಗ ಶಾಸನದ ಕಾಲನಿರ್ಣಯ ಸುಲಭ. ಹೊಂದದಿದ್ದಾಗ, ಅಥವಾ ವರ್ಷದ ಭಾಗವೇ ನಶಿಸಿದ್ದಾಗ, ಲಿಪಿಯ ಸ್ವರೂಪ, ಅರಸನ ಹೆಸರು, ಗ್ರಹಣದ ಉಲ್ಲೇಖ ಮೊದಲಾದ ಬೇರೆಬೇರೆ ಆಧಾರಗಳನ್ನು ಒಟ್ಟಿಗಿಟ್ಟು ನಿರ್ಣಯಕ್ಕೆ ಬರಬೇಕಾಗುತ್ತದೆ. ಯಾವುದೇ ಒಂದು ಆಧಾರ ತಾನೊಂದೇ ಸಾಲದು. ಗೆಲಾಕ್ಸಿಗಳ ಸುರುಳಿ ಬಾಹುಗಳನ್ನು ಕುರಿತ ಸಂಶೋಧನೆಯ ಚರಿತ್ರೆಯೂ ಇಂಥದೇ ಒಂದು ಆಧಾರನಿರ್ಣಯದ ಚರಿತ್ರೆ. ಮನುಷ್ಯನ ಆಯುಷ್ಯದಲ್ಲಿ ಯಾವ ಗೆಲಾಕ್ಸಿಯೂ ಕಣ್ಣಿಗೆ ಕಾಣುವಷ್ಟು ತಿರುಗುವುದಿಲ್ಲ. ನಿಶ್ಚಲವಾದ ಒಂದು ಚಿತ್ರದಿಂದ ಅದರ ಚಲನೆಯನ್ನು ಓದಿಕೊಳ್ಳಬೇಕಾದುದು ಖಗೋಳವಿಜ್ಞಾನಿಯ ಪಾಡು.

ಈ ಸ್ಥಳಗಳ ಅಕ್ಷಾಂಶಕ್ಕೂ ಪ್ರಸ್ತುತ ವಿಷಯಕ್ಕೂ ಸಂಬಂಧವಿದೆ. ಎರಡೂ ಊರುಗಳು ಉತ್ತರ ಅಕ್ಷಾಂಶ 12 ಡಿಗ್ರಿಗೆ ತುಸು ಕೆಳಗಿವೆ. ಮೇ ತಿಂಗಳ ರಾತ್ರಿಗಳಲ್ಲಿ ಇಲ್ಲಿನ ಉತ್ತರದ ಆಕಾಶದಲ್ಲಿ ಸಪ್ತರ್ಷಿ ಮಂಡಲದ ತುದಿಯ ಮರೀಚಿ ನಕ್ಷತ್ರದ ಬಳಿ ಎಂ 51 ಎಂಬ ಸುರುಳಿ ಗೆಲಾಕ್ಸಿಯು ಸುಮಾರು 55 ಡಿಗ್ರಿ ಎತ್ತರಕ್ಕೆ ಬರುತ್ತದೆ. ಅದೇ ಹೊತ್ತಿನ ಆಸುಪಾಸಿನಲ್ಲಿ ದಕ್ಷಿಣಕ್ಕೆ, ತ್ರಿಶಂಕುವಿನಿಂದ ಉತ್ತರಕ್ಕೆ ಸರಿದ ಸೆಂಟಾರಸ್ ಪುಂಜದಲ್ಲಿ, ಎನ್‌ಜಿಸಿ 4622 ಎಂಬ ಇನ್ನೊಂದು ಗೆಲಾಕ್ಸಿಯು ಸುಮಾರು 37 ಡಿಗ್ರಿ ಎತ್ತರದಲ್ಲಿರುತ್ತದೆ. ಎರಡೂ ಬರಿಗಣ್ಣಿಗೆ ಕಾಣುವಂಥವಲ್ಲ. ಆದರೂ ಮೊದಲನೆಯದು ಸುರುಳಿ ರಚನೆಯ ಅಧ್ಯಯನವನ್ನು ಆರಂಭಿಸಿತು, ಎರಡನೆಯದು ಆ ಅಧ್ಯಯನದ ಒಂದು ಗಟ್ಟಿ ನಿಯಮವನ್ನು ಅಲುಗಿಸಿತು. ಆರಂಭದ ವೀಕ್ಷಣೆ ನಡೆದ ಐರ್ಲೆಂಡಿನ ಬರ್ ಕೋಟೆಯು 53 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಎನ್‌ಜಿಸಿ 4622 ಅಲ್ಲಿ ಎಂದೂ ಉದಯಿಸುವುದಿಲ್ಲ. ಚಾಮರಾಜನಗರದಿಂದ ಸುಮಾರು 200 ಕಿಲೋಮೀಟರ್ ಪೂರ್ವಕ್ಕೆ, ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿ, ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿ ಎಂ.ಕೆ. ವೈನು ಬಾಪು ಅವರು 1960ರ ದಶಕದ ಕೊನೆಯಲ್ಲಿ ವೀಕ್ಷಣಾಲಯವನ್ನು ಸ್ಥಾಪಿಸಿದುದಕ್ಕೆ ದಕ್ಷಿಣದ ಆಕಾಶವೂ ಕೈಗೆಟುಕಬೇಕೆಂಬುದು ಒಂದು ಮುಖ್ಯ ಕಾರಣವಾಗಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಈ ವೀಕ್ಷಣಾಲಯದಲ್ಲಿ 1972ರಲ್ಲಿ ಒಂದು ಮೀಟರ್ ವ್ಯಾಸದ ದೂರದರ್ಶಕವೂ 1986ರಲ್ಲಿ 2.34 ಮೀಟರ್ ವ್ಯಾಸದ ದೂರದರ್ಶಕವೂ ಕಾರ್ಯಾರಂಭ ಮಾಡಿದವು.

ಲಾರ್ಡ್ ರಾಸ್ 1845ರ ವಸಂತದಲ್ಲಿ ತನ್ನ 72 ಅಂಗುಲ ವ್ಯಾಸದ ದರ್ಪಣದ ದೂರದರ್ಶಕದಿಂದ ಎಂ 51ರ ಸುರುಳಿಯನ್ನು ಮೊದಲಿಗೆ ಗುರುತಿಸಿ ಕೈಯಿಂದ ಚಿತ್ರ ಬರೆದನು. ಅಂದು ಅದನ್ನು ನೀಹಾರಿಕೆಯೆಂದು ಕರೆಯುತ್ತಿದ್ದರು. ಈ ನೀಹಾರಿಕೆಗಳು ಆಕಾಶಗಂಗೆಯ ಒಳಗಿನವೋ ಹೊರಗಿನವೋ ಎಂಬ ತರ್ಕವು 1925ರಲ್ಲಿ ಎಡ್ವಿನ್ ಹಬಲ್ ಅವರ ಆಂಡ್ರೊಮಿಡಾ ದೂರನಿರ್ಣಯದಿಂದ ತೀರ್ಮಾನವಾಯಿತು. ಆ ಪ್ರಸಂಗ ಸುಪರಿಚಿತ. ಅದಕ್ಕಿಂತ ಕಡಿಮೆ ಪರಿಚಿತವಾದ, ಆದರೆ ಹೆಚ್ಚು ಕಾಲ ಇತ್ಯರ್ಥವಾಗದೆ ಉಳಿದ ಪ್ರಶ್ನೆ ಇನ್ನೊಂದಿತ್ತು: ಸುರುಳಿಯು ಯಾವ ದಿಕ್ಕಿಗೆ ತಿರುಗುತ್ತದೆ?

ಗೆಲಾಕ್ಸಿ ತಿರುಗುವಾಗ ಬಾಹುವಿನ ಹೊರತುದಿಯು ತಿರುಗುವ ದಿಕ್ಕಿಗೆ ಬೆನ್ನುಮಾಡಿ ಹಿಂದಕ್ಕೆ ಬಾಗಿದ್ದರೆ ಅದನ್ನು ಹಿಂಬಾಲಿಸುವ ಬಾಹುವೆಂದೂ, ತಿರುಗುವ ದಿಕ್ಕಿಗೇ ತುದಿಯನ್ನು ಚಾಚಿದ್ದರೆ ಮುಂಚಾಚಿದ ಬಾಹುವೆಂದೂ ಹೇಳಬಹುದು. ಕಡೆಗೋಲಿನ ಸುತ್ತ ಮಜ್ಜಿಗೆಯ ನೊರೆ ಎಳೆಯೆಳೆಯಾಗಿ ಹಿಂದುಳಿಯುವುದನ್ನು ಬಲ್ಲವರಿಗೆ ಹಿಂಬಾಲಿಸುವ ಬಾಹುವೇ ಸಹಜವೆಂದು ತೋರುತ್ತದೆ. ಅಮೆರಿಕದ ವಿ.ಎಂ. ಸ್ಲೈಫರ್ ಅವರು 1914ರಲ್ಲಿ ರೋಹಿತದ ಮೂಲಕ ಇಂಥ ನೀಹಾರಿಕೆಯ ಭ್ರಮಣವನ್ನು ತೋರಿಸಿದವರು. ಬಾಹುಗಳು ಹಿಂಬಾಲಿಸುತ್ತವೆ ಎಂಬುದು ಅವರ ನಿಲುವಾಗಿತ್ತು. ಸ್ವೀಡನ್ನಿನ ಬರ್ಟಿಲ್ ಲಿಂಡ್‌ಬ್ಲಾಡ್ ಅವರು ಇದಕ್ಕೆ ಪ್ರತಿಯಾಗಿ ಬಾಹುಗಳು ಮುಂಚಾಚಿದವು ಎಂದು ದಶಕಗಳ ಕಾಲ ವಾದಿಸಿದರು. ಲಿಂಡ್‌ಬ್ಲಾಡ್ ಸಾಮಾನ್ಯ ವಿದ್ವಾಂಸರಲ್ಲ. ನಮ್ಮ ಆಕಾಶಗಂಗೆ ಒಂದೇ ಗಟ್ಟಿ ಚಕ್ರದಂತೆ ತಿರುಗದೆ ಒಳಗೊಂದು ವೇಗ, ಹೊರಗೊಂದು ವೇಗದಲ್ಲಿ ತಿರುಗುತ್ತದೆ ಎಂಬ ತಿಳಿವಳಿಕೆಗೆ ಅಡಿಗಲ್ಲು ಹಾಕಿದವರಲ್ಲಿ ಅವರೊಬ್ಬರು. ಇಂಥವರ ನಡುವೆಯೇ ಇಷ್ಟು ಸರಳವೆಂದು ತೋರುವ ವಿಷಯದಲ್ಲಿ ಭಿನ್ನಾಭಿಪ್ರಾಯ ಉಳಿಯಲು ಕಾರಣವೇನು?

ಕಾರಣವು ಆಧಾರದ ಸ್ವರೂಪದಲ್ಲೇ ಇದೆ. ರೋಹಿತವು ಗೆಲಾಕ್ಸಿಯ ಯಾವ ಪಾರ್ಶ್ವ ನಮ್ಮತ್ತ ಬರುತ್ತಿದೆ, ಯಾವುದು ದೂರ ಸರಿಯುತ್ತಿದೆ ಎಂಬುದನ್ನಷ್ಟೇ ಹೇಳುತ್ತದೆ. ಛಾಯಾಚಿತ್ರವು ಬಾಹುಗಳು ಯಾವ ಕಡೆಗೆ ಬಿಚ್ಚಿಕೊಳ್ಳುತ್ತವೆ ಎಂಬುದನ್ನು ತೋರಿಸುತ್ತದೆ. ಇವೆರಡನ್ನು ಕೂಡಿಸಿದರೂ ಉತ್ತರ ದೊರೆಯದು. ವಾರೆಯಾಗಿ ನಿಂತಿರುವ ಆ ತಟ್ಟೆಯ ಯಾವ ಅಂಚು ನಮಗೆ ಹತ್ತಿರ, ಯಾವುದು ದೂರ ಎಂಬ ಮೂರನೆಯ ಸಂಗತಿ ತಿಳಿಯಬೇಕು. ಅದು ತಲೆಕೆಳಗಾದರೆ ತೀರ್ಮಾನವೂ ತಲೆಕೆಳಗಾಗುತ್ತದೆ. ಹತ್ತಿರದ ಅಂಚನ್ನು ಧೂಳಿನಿಂದ ಗುರುತಿಸುವುದು ರೂಢಿ. ಗೆಲಾಕ್ಸಿಯ ನಡುವಿನ ಉಬ್ಬಿನ ಬೆಳಕಿಗೆ ಅಡ್ಡವಾಗಿ ಹತ್ತಿರದ ಅಂಚಿನ ಧೂಳು ಕಪ್ಪಗೆ ಎದ್ದುಕಾಣುತ್ತದೆ, ದೂರದ ಅಂಚಿನ ಧೂಳು ಉಬ್ಬಿನ ಹಿಂದೆ ಮರೆಯಾಗುತ್ತದೆ. ಇಲ್ಲಿಯೇ ತೊಡಕು. ಹೆಚ್ಚು ವಾರೆಯಾದ ಗೆಲಾಕ್ಸಿಯಲ್ಲಿ ಧೂಳಿನ ಸಾಕ್ಷ್ಯ ಸ್ಪಷ್ಟ, ಆದರೆ ಬಾಹುಗಳ ಸುತ್ತು ಅಸ್ಪಷ್ಟ. ನಮಗೆ ಎದುರುಮುಖವಾದ ಗೆಲಾಕ್ಸಿಯಲ್ಲಿ ಬಾಹುಗಳು ಸ್ಪಷ್ಟ, ಧೂಳಿನ ಸಾಕ್ಷ್ಯ ಬಹು ದುರ್ಬಲ. ಎರಡೂ ಒಟ್ಟಿಗೆ ಒದಗುವ ಗೆಲಾಕ್ಸಿಗಳು ಕೆಲವೇ. 1943ರಲ್ಲಿ ಹಬಲ್ ಅಂಥವನ್ನು ಆಯ್ದು ಪರೀಕ್ಷಿಸಿ ಬಾಹುಗಳು ಹಿಂಬಾಲಿಸುತ್ತವೆ ಎಂದರು. 1958ರಲ್ಲಿ ಜೆರಾರ್ ದ ವೊಕುಲೂರ್ ಇನ್ನಷ್ಟು ಉದಾಹರಣೆಗಳಿಂದ ಅದನ್ನೇ ಸಮರ್ಥಿಸಿದರು. ಅಲ್ಲಿಂದ ಮುಂದೆ ಇದು ನಿಯಮವೇ ಆಯಿತು. ಉಳಿದ ಸಾವಿರಾರು ಗೆಲಾಕ್ಸಿಗಳಲ್ಲಿ ದಿಕ್ಕನ್ನು ಅಳೆಯುವ ಬದಲು, ಬಾಹುಗಳು ಹಿಂಬಾಲಿಸುತ್ತವೆ ಎಂದು ಮೊದಲೇ ಭಾವಿಸಿ ಅದರಿಂದ ಹತ್ತಿರದ ಅಂಚನ್ನು ನಿರ್ಧರಿಸುವ ಕ್ರಮವೂ ಬಳಕೆಗೆ ಬಂದಿತು. ಆಧಾರವು ತೀರ್ಮಾನವನ್ನು ಹೇಳುವ ಬದಲು ತೀರ್ಮಾನವೇ ಆಧಾರವನ್ನು ಹೇಳತೊಡಗಿದ ಈ ಹಂತವು ಶಾಸ್ತ್ರಚರಿತ್ರೆಯ ದೃಷ್ಟಿಯಿಂದ ಗಮನಾರ್ಹ.

ದಿಕ್ಕಿನ ಪ್ರಶ್ನೆಗಿಂತ ಆಳವಾದುದು ಬಾಳಿಕೆಯ ಪ್ರಶ್ನೆ. ಸೂರ್ಯನು ಆಕಾಶಗಂಗೆಯ ಕೇಂದ್ರವನ್ನು ಒಂದು ಸಲ ಸುತ್ತಲು ಸುಮಾರು 23 ಕೋಟಿ ವರ್ಷ ಹಿಡಿಯುತ್ತದೆ. ಒಳಗಿನ ನಕ್ಷತ್ರಗಳು ಇನ್ನೂ ಬೇಗ ಸುತ್ತು ಮುಗಿಸುತ್ತವೆ. ಬಾಹುವೆಂಬುದು ಅದೇ ನಕ್ಷತ್ರಗಳ ಸ್ಥಿರವಾದ ಸಾಲಾಗಿದ್ದರೆ ಕೆಲವೇ ಸುತ್ತುಗಳಲ್ಲಿ ಅದು ರಾಟೆಯ ಕದಿರಿಗೆ ಸುತ್ತಿದ ನೂಲಿನಂತೆ ಬಿಗಿದುಕೊಂಡು ಗುರುತು ಸಿಗದಂತಾಗಬೇಕಿತ್ತು. ಹಾಗಾಗಿಲ್ಲ. 1964ರಲ್ಲಿ ಸಿ.ಸಿ. ಲಿನ್ ಮತ್ತು ಫ್ರಾಂಕ್ ಶು ಅವರು ಬಾಹುವನ್ನು ಸಾಂದ್ರತೆಯ ಅಲೆಯೆಂದು ವಿವರಿಸಿದರು. ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವ ಹೆದ್ದಾರಿಯ ಅರಣ್ಯ ತನಿಖಾ ಠಾಣೆಯ ಮುಂದೆ ವಾಹನಗಳ ಸಾಲು ಸದಾ ಇರುತ್ತದೆ, ಆದರೆ ಸಾಲಿನಲ್ಲಿರುವ ವಾಹನಗಳು ಗಳಿಗೆಗಳಿಗೆಗೂ ಬೇರೆ. ಬಾಹುವೂ ಹಾಗೆಯೇ. ನಕ್ಷತ್ರಗಳೂ ಅನಿಲವೂ ಅದನ್ನು ಹೊಕ್ಕು ಹೊರಬೀಳುತ್ತವೆ, ದಟ್ಟಣೆ ಮಾತ್ರ ಉಳಿಯುತ್ತದೆ. ಆದರೆ 1969ರಲ್ಲಿ ಅಲಾರ್ ಟೂಮ್ರೆ ಅವರು ಇಂಥ ಅಲೆಯ ಕಂತೆ ಒಂದೆಡೆ ನಿಲ್ಲದೆ ಒಳಮುಖವಾಗಿ ಸಾಗಿ, ಗೆಲಾಕ್ಸಿಯ ಆಯುಷ್ಯಕ್ಕೆ ಹೋಲಿಸಿದರೆ ಅಲ್ಪಕಾಲದಲ್ಲಿಯೇ ಅಡಗಿಹೋಗುತ್ತದೆ ಎಂದು ತೋರಿಸಿದರು. ಅವರೇ 1981ರಲ್ಲಿ ವಿವರಿಸಿದ ಇನ್ನೊಂದು ಕ್ರಿಯೆ ಪ್ರಸ್ತುತ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ತಟ್ಟೆಯಲ್ಲಿ ಹುಟ್ಟಿದ ದುರ್ಬಲವಾದ ಮುಂಚಾಚಿದ ಅಲೆಯನ್ನು ಒಳ-ಹೊರ ವೇಗಗಳ ವ್ಯತ್ಯಾಸವು ತೂಗಿ ತಿರುಗಿಸಿ ಹಿಂಬಾಲಿಸುವ ಅಲೆಯಾಗಿ ಮಾರ್ಪಡಿಸುತ್ತದೆ, ಹಾಗೆ ತಿರುಗುವಾಗಲೇ ಅದರ ಬಲ ಹಲವು ಪಟ್ಟು ಹೆಚ್ಚುತ್ತದೆ. ಈ ಸಿದ್ಧಾಂತದಲ್ಲಿ ಮುಂಚಾಚಿದ ಬಾಹುವಿಗೆ ಕ್ಷಣಿಕವಾದ ಎಡೆಯಿದೆಯೇ ಹೊರತು ಗೆಲಾಕ್ಸಿಯ ಮುಖ್ಯ ಬಾಹುವಾಗಿ ಬೆಳೆಯುವ ಅವಕಾಶ ಕಾಣುವುದಿಲ್ಲ.

ಎನ್‌ಜಿಸಿ 4622 ಮುಖ್ಯವಾಗುವುದು ಈ ಹಿನ್ನೆಲೆಯಲ್ಲಿ. ಸುಮಾರು 11 ಕೋಟಿ ಜ್ಯೋತಿರ್ವರ್ಷ ದೂರದ ಈ ಗೆಲಾಕ್ಸಿಯಲ್ಲಿ ಹೊರಗೆ ಎರಡು ಬಲವಾದ ಬಾಹುಗಳು ಒಂದು ದಿಕ್ಕಿಗೆ, ಒಳಗೆ ಒಂದೇ ಬಾಹು ಅದಕ್ಕೆ ವಿರುದ್ಧ ದಿಕ್ಕಿಗೆ ಸುತ್ತಿಕೊಂಡಿವೆ. ಗುಂಡ್ಲುಪೇಟೆಯ ಸುತ್ತಲಿನ ಹೊಲಗಳ ಸೂರ್ಯಕಾಂತಿಯ ತೆನೆಯಲ್ಲಿಯೂ ಬೀಜಗಳ ಸಾಲುಗಳು ಎಡಕ್ಕೂ ಬಲಕ್ಕೂ ಸುತ್ತುತ್ತವೆ. ಅದು ಬೆಳವಣಿಗೆಯ ಕ್ರಮದಿಂದ ಬಂದ ವಿನ್ಯಾಸ, ಅಲ್ಲಿ ಭ್ರಮಣವಿಲ್ಲ. ತಿರುಗುವ ತಟ್ಟೆಯಲ್ಲಿ ಎರಡು ವಿರುದ್ಧ ಸುತ್ತುಗಳಿದ್ದರೆ, ಯಾವ ದಿಕ್ಕಿಗೆ ತಿರುಗಿದರೂ ಒಂದು ಜೊತೆಯಾದರೂ ಮುಂಚಾಚಿದುದಾಗಿರಲೇಬೇಕು. ಯಾವುದು ಎಂಬುದಷ್ಟೇ ಪ್ರಶ್ನೆ. ಜೀನ್ ಬರ್ಡ್ ಮತ್ತು ಸಂಗಡಿಗರು 1989ರಲ್ಲಿ ಈ ಸಾಧ್ಯತೆಯನ್ನು ಮುಂದಿಟ್ಟರು. ಆಗ, ಮತ್ತು 1992ರಲ್ಲಿ ರೊನಾಲ್ಡ್ ಬೂಟಾ ಅವರ ತಂಡದ ಅಧ್ಯಯನದಲ್ಲಿಯೂ, ಮುಂಚಾಚಿದುದು ಒಳಗಿನ ಒಂಟಿ ಬಾಹುವೆಂದೇ ಎಣಿಸಲಾಯಿತು. ಹೊರಗಿನ ಜೋಡಿ ಬಾಹುಗಳು ನಿಯಮದಂತೆ ಹಿಂಬಾಲಿಸಬೇಕೆಂಬ ಭಾವನೆ ಅಷ್ಟು ಗಟ್ಟಿಯಾಗಿತ್ತು.

2001ರ ಮೇ ತಿಂಗಳಲ್ಲಿ ಹಬಲ್ ಅಂತರಿಕ್ಷ ದೂರದರ್ಶಕದಿಂದ ತೆಗೆದ ಚಿತ್ರಗಳಲ್ಲಿ ಧೂಳಿನ ಎಳೆಗಳು ಒಂದು ಪಾರ್ಶ್ವದಲ್ಲಿ ಸ್ಪಷ್ಟವಾಗಿ ಕಂಡವು. ಎದುರುಮುಖದ ಗೆಲಾಕ್ಸಿಯಲ್ಲಿ ದುರ್ಲಭವಾದ ಮೂರನೆಯ ಆಧಾರ ಹೀಗೆ ಒದಗಿತು. ಅದನ್ನು ನೆಲದ ಮೇಲಿನ ವೀಕ್ಷಣೆಗಳಿಂದ ದೊರೆತ ವೇಗಗಳೊಡನೆ ಕೂಡಿಸಿದಾಗ ಗೆಲಾಕ್ಸಿಯು ಪ್ರದಕ್ಷಿಣವಾಗಿ ತಿರುಗುತ್ತಿರುವುದು, ಅದೇ ದಿಕ್ಕಿಗೆ ಹೊರಗಿನ ಎರಡು ಬಾಹುಗಳು ತುದಿ ಚಾಚಿರುವುದು ಕಂಡುಬಂತು. ಬೂಟಾ, ಬರ್ಡ್ ಮತ್ತು ಟಾರ್ಶ್ ಫ್ರೀಮನ್ ಅವರ ವಿಸ್ತೃತ ಪ್ರಬಂಧ 2003ರಲ್ಲಿ ಪ್ರಕಟವಾಯಿತು. ಹತ್ತು ವರ್ಷ ನಿಯಮಬದ್ಧವೆಂದು ತಿಳಿದಿದ್ದ ಜೋಡಿಯೇ ನಿಯಮ ಮೀರಿದುದಾಗಿತ್ತು. ಕೇಂದ್ರದ ಬಳಿ ಕದಡಿದಂತೆ ಕಾಣುವ ಧೂಳಿನ ಪಟ್ಟಿಯು ಹಿಂದೊಮ್ಮೆ ಸಣ್ಣ ಗೆಲಾಕ್ಸಿಯೊಂದು ಇದರಲ್ಲಿ ಲೀನವಾಗಿರಬಹುದೆಂಬ ಊಹೆಗೆ ಎಡೆಮಾಡಿದೆ. ಅದು ಊಹೆಯೇ. 2008ರಲ್ಲಿ ವರದಿಯಾದ ಇಎಸ್‌ಒ 297-27 ಎಂಬ ಗೆಲಾಕ್ಸಿಯಲ್ಲಿಯೂ ಒಳ-ಹೊರ ಬಾಹುಗಳು ವಿರುದ್ಧವಾಗಿ ಸುತ್ತಿವೆ, ಆದರೆ ಅಲ್ಲಿ ಮುಂಚಾಚಿರುವುದು ಒಳಗಿನ ಬಾಹು. ಅಂದರೆ ಎನ್‌ಜಿಸಿ 4622ರ ಬಗ್ಗೆ ಮೊದಲು ಮಾಡಿದ ಎಣಿಕೆ ಅಸಂಗತವಾದುದೇನಲ್ಲ, ಆ ಗೆಲಾಕ್ಸಿಗೆ ಮಾತ್ರ ಅದು ಸಲ್ಲಲಿಲ್ಲ.

ಕಣ್ಣಿನ ಸಾಕ್ಷ್ಯದ ಬಗ್ಗೆ ಇಲ್ಲಿ ಒಂದು ಮಾತು. 2007ರಲ್ಲಿ ಆರಂಭವಾದ ‘ಗೆಲಾಕ್ಸಿ ಝೂ’ ಯೋಜನೆಯಲ್ಲಿ ಸಾರ್ವಜನಿಕರು ಲಕ್ಷಾಂತರ ಗೆಲಾಕ್ಸಿಗಳ ಚಿತ್ರಗಳನ್ನು ನೋಡಿ ಸುತ್ತಿನ ದಿಕ್ಕನ್ನು ಗುರುತಿಸಿದಾಗ ಅಪ್ರದಕ್ಷಿಣ ಸುರುಳಿಗಳೇ ಹೆಚ್ಚೆಂಬ ಫಲ ಬಂತು. ಅದೇ ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ತೋರಿಸಿದಾಗಲೂ ಅಪ್ರದಕ್ಷಿಣವೇ ಹೆಚ್ಚಾಯಿತು. ಒಲವು ಆಕಾಶದ್ದಾಗಿರಲಿಲ್ಲ, ನೋಡುವವರದಾಗಿತ್ತು. ಸವೆದ ಅಕ್ಷರಗಳಲ್ಲಿ ತಾವು ನಿರೀಕ್ಷಿಸಿದ ಹೆಸರನ್ನೇ ಓದುವ ಅಪಾಯವನ್ನು ಬಲ್ಲ ಶಾಸನತಜ್ಞರಿಗೆ ಇದು ಹೊಸದೆನಿಸದು.

ಬಾಹುಗಳು ಏಕೆ ಹುಟ್ಟುತ್ತವೆ, ಏಕೆ ಬಾಳುತ್ತವೆ ಅಥವಾ ಬಾಳುವುದಿಲ್ಲ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ನಡೆದ ಅತ್ಯಂತ ಸುಸಂಬದ್ಧವಾದ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದ ಚಂದಾ ಜೋಗ್ ಅವರದು. ಅವರು ಫಿಲಿಪ್ ಸಾಲೊಮನ್ ಅವರೊಡನೆ 1984ರಲ್ಲಿ ಪ್ರಕಟಿಸಿದ ಪ್ರಬಂಧಗಳ ಮುಖ್ಯಾಂಶ ಇದು: ಗೆಲಾಕ್ಸಿಯ ತಟ್ಟೆಯನ್ನು ನಕ್ಷತ್ರಗಳದೇ ಎಂದು ಲೆಕ್ಕ ಹಾಕಿದರೆ ಸಾಲದು, ಅದರೊಳಗಿನ ಅನಿಲವನ್ನು ಬೇರೆ ದ್ರವದಂತೆ ಗಣಿಸಬೇಕು. ಅನಿಲದ ರಾಶಿ ನಕ್ಷತ್ರಗಳ ರಾಶಿಗಿಂತ ಬಹಳ ಕಡಿಮೆ. ಆದರೆ ಅದು ತಣ್ಣಗಿನದು, ಅದರ ಕಣಗಳ ಅಡ್ಡಾದಿಡ್ಡಿ ಚಲನೆ ನಕ್ಷತ್ರಗಳದಕ್ಕಿಂತ ಮಂದ. ಆದ್ದರಿಂದ ಗುರುತ್ವದ ಸೆಳೆತಕ್ಕೆ ಅದು ಮೊದಲು ಮಣಿಯುತ್ತದೆ, ಮಣಿದು ನಕ್ಷತ್ರಗಳನ್ನೂ ತನ್ನೊಡನೆ ಎಳೆಯುತ್ತದೆ. ನಕ್ಷತ್ರಗಳೂ ಅನಿಲವೂ ಬೇರೆಬೇರೆಯಾಗಿದ್ದರೆ ಸ್ಥಿರವಾಗಿರುವ ತಟ್ಟೆಯು ಎರಡೂ ಕೂಡಿದಾಗ ಅಸ್ಥಿರವಾಗಬಲ್ಲದು. ಟೂಮ್ರೆಯವರ ತೂಗಿ ತಿರುಗಿಸುವ ಕ್ರಿಯೆಯನ್ನು ಜೋಗ್ 1992ರಲ್ಲಿ ಈ ಎರಡು ಘಟಕಗಳ ತಟ್ಟೆಗೆ ವಿಸ್ತರಿಸಿದರು. ಮುಂದೆ ಸೌಮಾವೊ ಘೋಷ್ ಅವರೊಡನೆ 2015ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಟೂಮ್ರೆ 1969ರಲ್ಲಿ ಎತ್ತಿದ ಆಕ್ಷೇಪಕ್ಕೆ ಅನಿಲದಲ್ಲಿಯೇ ಭಾಗಶಃ ಉತ್ತರವಿದೆಯೆಂದು ತೋರಿಸಲಾಯಿತು. ಸಾಕಷ್ಟು ಅನಿಲವಿರುವ ತಟ್ಟೆಯಲ್ಲಿ ಅಲೆಯ ಕಂತೆ ನಿಧಾನವಾಗಿ ಚಲಿಸುವುದರಿಂದ ಸುರುಳಿಯು ನೂರಾರು ಕೋಟಿ ವರ್ಷ ಉಳಿಯಬಲ್ಲದು.

ಜೋಗ್ ಅವರ ಇನ್ನೊಂದು ಕಾರ್ಯಕ್ಷೇತ್ರ ಒಂದು ಮಗ್ಗುಲಿಗೆ ವಾಲಿದ ಗೆಲಾಕ್ಸಿಗಳು. ಎಂ 101ರಂಥ ಗೆಲಾಕ್ಸಿಗಳಲ್ಲಿ ತಟ್ಟೆಯ ಒಂದು ಪಾರ್ಶ್ವ ಇನ್ನೊಂದಕ್ಕಿಂತ ಎದ್ದುಕಾಣುವಷ್ಟು ಚಾಚಿಕೊಂಡಿರುತ್ತದೆ. ಇದನ್ನು 1980ರಲ್ಲಿ ಬಾಲ್ಡ್‌ವಿನ್, ಲಿಂಡನ್-ಬೆಲ್ ಮತ್ತು ಸಾನ್ಸಿಸಿ ಅವರು ಒಂದು ಸಮಸ್ಯೆಯಾಗಿ ಗುರುತಿಸಿದರು. 1994ರ ಒಂದು ಸಮೀಕ್ಷೆಯು ಸುರುಳಿ ಗೆಲಾಕ್ಸಿಗಳಲ್ಲಿ ಸುಮಾರು ಅರ್ಧದಷ್ಟು ಹೀಗಿವೆ ಎಂದಿತು. ಅಪವಾದವೆಂದು ಎಣಿಸಿದುದು ಅರ್ಧದಷ್ಟಿದ್ದರೆ ಅದನ್ನು ಅಪವಾದವೆನ್ನುವುದು ಹೇಗೆ? ಜೋಗ್ ಮತ್ತು ಫ್ರಾನ್ಸ್‌ವಾಝ್ ಕೋಂಬ್ ಅವರು 2009ರಲ್ಲಿ ಬರೆದ ಸುದೀರ್ಘ ಸಮೀಕ್ಷಾ ಲೇಖನ ಈ ವಿಷಯದಲ್ಲಿ ಇಂದಿಗೂ ಆಕರಗ್ರಂಥದ ಸ್ಥಾನದಲ್ಲಿದೆ.

ಬಾಹುಗಳು ಮೂಡಬೇಕಾದಲ್ಲಿ ಮೂಡದಿರುವುದೂ ಒಂದು ಸಮಸ್ಯೆಯೇ. ಮಂದ ಹೊಳಪಿನ ಗೆಲಾಕ್ಸಿಗಳಲ್ಲಿ ಅನಿಲ ಯಥೇಚ್ಛವಾಗಿದ್ದರೂ ಬಲವಾದ ಸುರುಳಿ ಅಪರೂಪ. ಘೋಷ್ ಮತ್ತು ಜೋಗ್ 2014ರಲ್ಲಿ ಯುಜಿಸಿ 7321 ಎಂಬ ಗೆಲಾಕ್ಸಿಯನ್ನು ಮಾದರಿಯಾಗಿಟ್ಟುಕೊಂಡು, ಅದನ್ನು ಆವರಿಸಿರುವ ಕಪ್ಪುದ್ರವ್ಯದ ಪ್ರಾಬಲ್ಯವೇ ತಟ್ಟೆಯ ಅಸ್ಥಿರತೆಯನ್ನು ಅದುಮಿ ಬಾಹುಗಳು ಬೆಳೆಯದಂತೆ ತಡೆಯುತ್ತದೆ ಎಂದು ಲೆಕ್ಕದಿಂದ ತೋರಿಸಿದರು. ಯುಜಿಸಿ 7321 ನಮಗೆ ಅಂಚುಮುಖವಾಗಿರುವುದರಿಂದ ಅದರ ಬಾಹುಗಳನ್ನು ಕಣ್ಣಾರೆ ನೋಡಿ ಪರೀಕ್ಷಿಸುವಂತಿಲ್ಲ ಎಂಬುದನ್ನು ಮರೆಯಬಾರದು. ಆ ಗೆಲಾಕ್ಸಿಯ ಅಳತೆಗಳು ಚೆನ್ನಾಗಿ ತಿಳಿದಿರುವುದೇ ಅದನ್ನು ಮಾದರಿಯಾಗಿಸಿದೆ.

ವೀಕ್ಷಣೆಯ ಕಡೆ ಬಂದರೆ, ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆಯ ಕೇಂದ್ರದಲ್ಲಿ ಸಿದ್ಧವಾದ ಅತಿನೇರಳೆ ದೂರದರ್ಶಕವು ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ 2015ರ ಸೆಪ್ಟೆಂಬರ್ 28ರಂದು ಕಕ್ಷೆ ಸೇರಿತು. ಹೊಸದಾಗಿ ಹುಟ್ಟಿದ ಬಿಸಿ ನಕ್ಷತ್ರಗಳು ಅತಿನೇರಳೆಯಲ್ಲಿ ಪ್ರಖರವಾಗಿ ಬೆಳಗುವುದರಿಂದ ಬಾಹುಗಳು ಎಲ್ಲಿಯವರೆಗೆ ಚಾಚಿವೆ ಎಂಬುದನ್ನು ಈ ಉಪಕರಣ ಚೆನ್ನಾಗಿ ಹೇಳಬಲ್ಲದು. ಜ್ಯೋತಿ ಯಾದವ್, ಮೌಸುಮಿ ದಾಸ್ ಮತ್ತು ಸಂಗಡಿಗರ 2021ರ ಪ್ರಬಂಧವು ಎನ್‌ಜಿಸಿ 628, ಎಂ 101 ಮತ್ತು ಎನ್‌ಜಿಸಿ 6946 ಗೆಲಾಕ್ಸಿಗಳ ಒಳ-ಹೊರ ಭಾಗಗಳ ನಕ್ಷತ್ರಜನನದ ತಾಣಗಳನ್ನು ಹೀಗೆ ಹೋಲಿಸಿದೆ.

ಬೆಂಗಳೂರಿಗೆ ಸಂಬಂಧಿಸಿದ ಇನ್ನೊಂದು ವಿಚಿತ್ರ ಗೆಲಾಕ್ಸಿಯೆಂದರೆ ಜೆ 2345-0449. ಸುಮಾರು 100 ಕೋಟಿ ಜ್ಯೋತಿರ್ವರ್ಷ ದೂರದ ಈ ಸುರುಳಿಯನ್ನು ಜಯದೀಪ್ ಬಾಗ್ಚಿ ಮತ್ತು ಸಂಗಡಿಗರು 2014ರಲ್ಲಿ ವರದಿ ಮಾಡಿದರು. ಬಾಗ್ಚಿ ಆಗ ಪುಣೆಯಲ್ಲಿದ್ದರು. ಅವರು ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ 2025ರಲ್ಲಿ ಇನ್ನೊಂದು ವಿಸ್ತೃತ ಅಧ್ಯಯನ ಪ್ರಕಟವಾಯಿತು. ಸೆಕೆಂಡಿಗೆ 400 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ತಿರುಗುವ ಈ ಗೆಲಾಕ್ಸಿಯ ಕೇಂದ್ರದಿಂದ ಹೊರಟ ರೇಡಿಯೋ ಚಿಮ್ಮುಗಳು 50 ಲಕ್ಷ ಜ್ಯೋತಿರ್ವರ್ಷಕ್ಕೂ ಹೆಚ್ಚು ಹರಡಿವೆ. ಇಂಥ ಚಿಮ್ಮುಗಳು ಸಾಮಾನ್ಯವಾಗಿ ಬಾಹುಗಳಿಲ್ಲದ ದೀರ್ಘವೃತ್ತಾಕಾರದ ಗೆಲಾಕ್ಸಿಗಳವು. ಅಷ್ಟು ದೊಡ್ಡ ಕಪ್ಪುಕುಳಿ ಬೆಳೆಯಲು ಗೆಲಾಕ್ಸಿಗಳು ಡಿಕ್ಕಿಯಾಗಿ ಒಂದಾಗಬೇಕು, ಒಂದಾದರೆ ತೆಳುವಾದ ತಟ್ಟೆಯೂ ಅದರ ಬಾಹುಗಳೂ ಚೆದುರಬೇಕು ಎಂಬುದು ಪ್ರಚಲಿತ ವಿವರಣೆ. ಇಲ್ಲಿ ಬಾಹುಗಳು ಚೆದುರಿಲ್ಲ. ನಡುವಿನ ಉಬ್ಬು ಸಹ ದೊಡ್ಡ ಡಿಕ್ಕಿಗಳಿಂದಾದುದಲ್ಲ, ತಟ್ಟೆಯೊಳಗಿಂದಲೇ ನಿಧಾನವಾಗಿ ಬೆಳೆದುದು ಎಂಬುದಕ್ಕೆ ಲಕ್ಷಣಗಳಿವೆ. ಹಾಗಾದರೆ ಕಪ್ಪುಕುಳಿ ಬೆಳೆದ ಬಗೆಗೆ ಬೇರೆ ವಿವರಣೆ ಬೇಕಾಗುತ್ತದೆ.

ಕಾಲದಲ್ಲಿ ಬಹು ಹಿಂದಕ್ಕೆ ಹೋದರೂ ಸುರುಳಿಯೇ ಎದುರಾಗುತ್ತದೆ. ಪುಣೆಯ ರಾಷ್ಟ್ರೀಯ ರೇಡಿಯೋ ಖಭೌತ ಕೇಂದ್ರದ ರಾಶಿ ಜೈನ್ ಮತ್ತು ಯೋಗೇಶ್ ವಾಡದೇಕರ್ ಅವರು ಜೇಮ್ಸ್ ವೆಬ್ ಅಂತರಿಕ್ಷ ದೂರದರ್ಶಕದ ಚಿತ್ರಗಳಲ್ಲಿ ಗುರುತಿಸಿ 2025ರಲ್ಲಿ ಪ್ರಕಟಿಸಿದ ‘ಅಲಕನಂದಾ’ ಎಂಬ ಗೆಲಾಕ್ಸಿಗೆ ಎರಡು ಸುಸ್ಪಷ್ಟವಾದ ಬಾಹುಗಳಿವೆ. ವಿಶ್ವಕ್ಕೆ ಸುಮಾರು 150 ಕೋಟಿ ವರ್ಷವಾಗಿದ್ದಾಗಿನ ಸ್ಥಿತಿ ಅದು. ಆ ಕಾಲದ ಗೆಲಾಕ್ಸಿಗಳು ಕಲಕಿದಂತೆ, ಮುದ್ದೆಮುದ್ದೆಯಾಗಿ, ಬಿಸಿಯಾಗಿ ಇರಬೇಕೆಂದು ಭಾವಿಸಲಾಗಿತ್ತು. ಬಾಹುಗಳು ಮೂಡಲು ತಣ್ಣಗಿನ, ನೆಲೆಗೊಂಡ ತಟ್ಟೆ ಬೇಕು. ಅಲಕನಂದಾದ ತಟ್ಟೆ ಅಷ್ಟು ಬೇಗ ಹೇಗೆ ತಣಿಯಿತು, ಅದರ ಬಾಹುಗಳು ಅನಿಲದ ಬಲದಿಂದ ಬಾಳುವ ಅಲೆಯೋ ನೆರೆಯ ಗೆಲಾಕ್ಸಿಯ ಸೆಳೆತದಿಂದ ಮೂಡಿ ಮರೆಯಾಗುವ ಗುರುತೋ ಎಂಬುದನ್ನು ಚಿತ್ರವೊಂದೇ ಹೇಳಲಾರದು. ತಟ್ಟೆಯ ಒಂದೊಂದು ಭಾಗದ ವೇಗವನ್ನೂ ರೋಹಿತದಿಂದ ಅಳೆಯಬೇಕು. ಅಳೆದ ಮೇಲೂ ಯಾವ ಅಂಚು ಹತ್ತಿರ ಎಂಬ ಹಳೆಯ ಪ್ರಶ್ನೆ ಅಲ್ಲಿಯೂ ಕಾದಿರುತ್ತದೆ.